ಮೂರು ಗಾಲಿಯ ಸೈಕಲ್ಲಿನ ಆಚೆಗೆ



ಪೋಲಿಯೊ ಬಂದ ಕಾಲಿನಲ್ಲೇ ಈ ಶಾಲೆಯ ಮೆಟ್ಟಿಲು ಹತ್ತಿದವನು ನಾನು. ಈಗ ಒಂದು ಕಂಪನಿಯ ಸಿಎಸ್‌ಆರ್ ವಿಭಾಗದಲ್ಲಿದ್ದೇನೆ.

2013ರ ಕಂಪನಿ ಕಾಯ್ದೆಯ ಪ್ರಕಾರ, ವರ್ಷಕ್ಕೆ 5 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಿವ್ವಳ ಲಾಭವಿರುವ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ವಿಕಲಚೇತನರ ಶಿಕ್ಷಣ, ವೃತ್ತಿ ಕೌಶಲ ಎರಡೂ ಆ ಪಟ್ಟಿಯಲ್ಲಿವೆ. ಕೇಳಲು ಸಂಕೋಚ ಬೇಡ.

ಆದರೆ ನಾವು ಕೇಳುವುದು ಹೆಚ್ಚಾಗಿ ಮೂರು ಗಾಲಿಯ ಸೈಕಲ್. ಶಾಮಿಯಾನ ಹಾಕಿ, ಹಾರ ಹಾಕಿ, ಫೋಟೊ ತೆಗೆಸಿದರೆ ಮುಗಿಯಿತು. ಸೈಕಲ್ ಬೇಡವೆನ್ನುತ್ತಿಲ್ಲ. ಟೈರು ಹೋದರೆ ರಿಪೇರಿ ಯಾರದು? ಅದರಲ್ಲಿ ಕೂತು ಹುಡುಗಿ ಎಲ್ಲಿಗೆ ಹೋಗಬೇಕು? ಎಸ್ಸೆಸ್ಸೆಲ್ಸಿ ಪಾಸಾಗಿಯೂ, ತಾಲ್ಲೂಕಿನ ಕಾಲೇಜಿಗೆ ಬಸ್ಸು ಹತ್ತಲಾಗದೆ ಮನೆಯಲ್ಲೇ ಉಳಿದವರು ನಿಮಗೆಲ್ಲ ಗೊತ್ತು.

ಬೆಂಗಳೂರಿನ ಸಮರ್ಥನಂ, ಎನೇಬಲ್ ಇಂಡಿಯಾ ಸಂಸ್ಥೆಗಳು ಕಂಪನಿಗಳ ನೆರವು ಪಡೆದು ಇಂಥ ಯುವಜನರಿಗೆ ತರಬೇತಿ ಕೊಟ್ಟು ಕೆಲಸಕ್ಕೆ ಸೇರಿಸುತ್ತಿವೆ. ಕಣ್ಣು ಕಾಣದವರು ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶದಿಂದ ಕಂಪ್ಯೂಟರ್ ಕಲಿಯುತ್ತಾರೆ. ಅಂಥ ಎನ್‌ವಿಡಿಎ ತಂತ್ರಾಂಶ ಉಚಿತ. ಅದನ್ನು ನಮ್ಮ ಶಾಲೆಯ ಕಂಪ್ಯೂಟರಿಗೆ ಹಾಕಲು ಯಾವ ಕಂಪನಿಯ ದಾರಿಯನ್ನೂ ಕಾಯಬೇಕಿಲ್ಲ.

ಕಂಪನಿಯನ್ನು ಕೇಳಬೇಕಾದದ್ದು ಇಲ್ಲಿಗೆ ಇಳಿಜಾರು ದಾರಿ, ಬಳಸಬಹುದಾದ ಶೌಚಾಲಯ. ಓದು ಮುಂದುವರಿಸುವವರಿಗೆ ಕೋರ್ಸ್ ಮುಗಿಯುವವರೆಗಿನ ಪ್ರಯಾಣ, ಹಾಸ್ಟೆಲ್ ಖರ್ಚು. ಎಸ್‌ಡಿಎಂಸಿಯವರು ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಜೊತೆ ಕೂತು ಮಕ್ಕಳ ಪಟ್ಟಿ ಮಾಡಲಿ. ನಮ್ಮ ಕಂಪನಿಗೆ ನಾನೇ ಅರ್ಜಿ ಬರೆದರೆ ಸರಿಹೋಗದು; ಬೇರೆ ಕಂಪನಿಗಳಿಗೆ ಬರೆದುಕೊಡುತ್ತೇನೆ.