ಹಳೆಯ ಯಂತ್ರ ಕೊಳ್ಳುವ ಮುನ್ನ



ನಾನು ಉರ್ದು, ಕನ್ನಡ ಕಲಿಸುವವನು. ಆದರೂ ಇಂದು ಯಂತ್ರದ ವಿಷಯ ಮಾತನಾಡುತ್ತೇನೆ. ಕೈಯಲ್ಲಿ ಹೆಚ್ಚು ಬಂಡವಾಳವಿಲ್ಲದ ಯುವಕರು ಸೆಕೆಂಡ್‌ಹ್ಯಾಂಡ್ ಯಂತ್ರದತ್ತ ನೋಡುವುದು ಸಹಜ. ಆದರೆ ಆ ಹಣ ತಾಯಿಯ ಒಡವೆ ಅಡವಿಟ್ಟು ತಂದದ್ದಾಗಿರಬಹುದು.

ಇಂಜೆಕ್ಷನ್ ಮೋಲ್ಡಿಂಗ್ ಯಂತ್ರ ಪ್ಲಾಸ್ಟಿಕ್ ಕಾಳನ್ನು ಕರಗಿಸಿ ಒತ್ತಡದಿಂದ ಅಚ್ಚಿಗೆ ತುಂಬುತ್ತದೆ. ಹೈಡ್ರಾಲಿಕ್ ಯಂತ್ರದಲ್ಲಿ ಎಣ್ಣೆಯ ಒತ್ತಡ ಕೆಲಸ ಮಾಡುತ್ತದೆ. 1980ರ ದಶಕದಲ್ಲಿ ಜಪಾನಿನಲ್ಲಿ ಬಳಕೆಗೆ ಬಂದ ಎಲೆಕ್ಟ್ರಿಕ್ ಯಂತ್ರವನ್ನು ಸರ್ವೋ ಮೋಟಾರುಗಳು ನಡೆಸುತ್ತವೆ. ಇದರಲ್ಲಿ ಕರೆಂಟ್ ಉಳಿಯುತ್ತದೆ. ಆದರೆ ಬಾಲ್‌ಸ್ಕ್ರೂ ಸವೆದರೆ, ಡ್ರೈವ್ ಕೆಟ್ಟರೆ ರಿಪೇರಿ ದುಬಾರಿ. ಹಳೆಯ ಮಾಡೆಲ್ ಆದರೆ ಬಿಡಿಭಾಗವೇ ಸಿಗದಿರಬಹುದು.

ಆದ್ದರಿಂದ ಬೆಲೆ ಕೇಳುವ ಮೊದಲು ಲೆಕ್ಕ ಹಾಕಿ. ನೀವು ಮಾಡುವ ವಸ್ತುವಿನ ಮುಖದ ವಿಸ್ತೀರ್ಣ 100 ಚದರ ಸೆಂ.ಮೀ. ಎಂದುಕೊಳ್ಳಿ. ಚದರ ಸೆಂ.ಮೀ.ಗೆ ಅರ್ಧ ಟನ್ ಹಿಡಿದರೆ ಅಚ್ಚನ್ನು ಬಿಗಿಹಿಡಿಯಲು 50 ಟನ್ ಬೇಕು. ಅಗ್ಗವೆಂದು 30 ಟನ್ನಿನದು ತಂದರೆ ಅಚ್ಚಿನ ಸಂದಿಯಲ್ಲಿ ಪ್ಲಾಸ್ಟಿಕ್ ಹೊರಬರುತ್ತದೆ.

ಎರಡನೆಯದಾಗಿ, ಹೊಸ ಪೇಂಟ್ ನೋಡಿ ಮರುಳಾಗಬೇಡಿ. ನಿಮ್ಮದೇ ಅಚ್ಚು ಹಾಕಿ ಒಂದೆರಡು ಗಂಟೆ ಓಡಿಸಿ. ಬರುವ ಪ್ರತಿ ತುಂಡನ್ನೂ ತೂಗಿ. ತೂಕ ಏರುಪೇರಾದರೆ ಸ್ಕ್ರೂ, ಬ್ಯಾರೆಲ್ ಸವೆದಿರಬಹುದು. ಬಾಲ್‌ಸ್ಕ್ರೂ ಶಬ್ದ ಕೇಳಿ. ನಿಂತ ಯಂತ್ರವನ್ನು ಮಾತ್ರ ತೋರಿಸಿದರೆ ಹಣ ಕೊಡಬೇಡಿ.

ಇದನ್ನೆಲ್ಲ ಪರೀಕ್ಷಿಸಬಲ್ಲವರು ನಮ್ಮ ಮನೆಗಳಲ್ಲೇ ತಯಾರಾಗಬೇಕು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಸಿಪೆಟ್ ಸಂಸ್ಥೆಯಿದೆ. ಎಸ್ಸೆಸ್ಸೆಲ್ಸಿ ನಂತರ ಅಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನದಲ್ಲಿ 3 ವರ್ಷದ ಡಿಪ್ಲೊಮಾ ಕಲಿಯಬಹುದು. ಹೆಣ್ಣುಮಕ್ಕಳೂ ಸೇರಲಿ. ಯಂತ್ರ ಹಳೆಯದಿರಲಿ, ವಿದ್ಯೆ ಮಾತ್ರ ಹೊಸದಿರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.