ಹದಿನಾಲ್ಕರ ಹುಡುಗಿ ಸಾಕ್ಷಿ ಹೇಳಿದ ಪುಟ



ನಾವು ನಾಲ್ಕೈದು ಜನ ಸೇರಿ ಮಕ್ಕಳಿಗಾಗಿ ಒಂದು ಚಿತ್ರಪುಸ್ತಕ ಸಿದ್ಧಪಡಿಸುತ್ತಿದ್ದೇವೆ. ಅಮೆರಿಕದ ಪತ್ರಕರ್ತೆ ನೆಲ್ಲಿ ಬ್ಲೈಯ ಜೀವನಕಥೆ. ಅದರ ಒಂದೇ ಒಂದು ಪುಟದ ಬಗ್ಗೆ ನಮ್ಮೊಳಗೆ ಜಗಳವಾಗಿದೆ. ಇವತ್ತು ಭಾಷಣಕ್ಕಿಂತ ಹೆಚ್ಚಾಗಿ ಆ ಜಗಳವನ್ನೇ ನಿಮ್ಮ ಮುಂದೆ ತಂದಿದ್ದೇನೆ.

ನೆಲ್ಲಿ ಬ್ಲೈ ಎಂದರೆ ಚಿತ್ರ ಬರೆಯುವವರಿಗೆ ಹಬ್ಬ. 1889ರ ನವೆಂಬರ್ 14ರಂದು ಚೌಕಳಿ ಕೋಟು ತೊಟ್ಟು, ಕೈಯಲ್ಲಿ ಒಂದು ಸಣ್ಣ ಚೀಲ ಹಿಡಿದು, ಒಂಟಿಯಾಗಿ ನ್ಯೂಯಾರ್ಕ್ ಬಿಟ್ಟು ಹೊರಟ ಇಪ್ಪತ್ತೈದರ ಹೆಣ್ಣು. ಜೂಲ್ ವೆರ್ನನ ಕಾದಂಬರಿಯ ನಾಯಕ 80 ದಿನದಲ್ಲಿ ಜಗತ್ತು ಸುತ್ತಿದರೆ ಇವಳು 72 ದಿನದಲ್ಲಿ ಸುತ್ತಿ ಬಂದಳು. ದಾರಿಯಲ್ಲಿ ಆ ಕಾದಂಬರಿಕಾರನನ್ನೇ ಕಂಡಳು, ಕೊಲಂಬೊದಲ್ಲಿ ಹಡಗಿಗೆ ಕಾದು ಕೂತಳು, ಸಿಂಗಪುರದಲ್ಲಿ ಒಂದು ಕೋತಿ ಕೊಂಡಳು. ಕೋತಿ ಸಿಕ್ಕ ಮೇಲೆ ಮಕ್ಕಳ ಪುಸ್ತಕಕ್ಕೆ ಇನ್ನೇನು ಬೇಕು! ಅವಳ ದೇಶದಲ್ಲಿ ಇಂಥ ಪುಸ್ತಕಗಳು ಹಲವು ಬಂದಿವೆ. ಬಾನಿ ಕ್ರಿಸ್ಟೆನ್ಸನ್ ತಾವೇ ಬರೆದು ತಾವೇ ಚಿತ್ರ ಬಿಡಿಸಿದ ಒಂದು ಪುಸ್ತಕ 2003ರಲ್ಲಿ ಪ್ರಕಟವಾಯಿತು.

ಆದರೆ ನಮ್ಮ ಜಗಳ ಕೋತಿಯ ಪುಟದ್ದಲ್ಲ. ಅದಕ್ಕೂ ಹತ್ತು ವರ್ಷ ಹಿಂದಿನ ಪುಟದ್ದು.

ಅವಳ ನಿಜವಾದ ಹೆಸರು ಎಲಿಜಬೆತ್. ಪೆನ್ಸಿಲ್ವೇನಿಯಾದ ಸಣ್ಣ ಊರಿನಲ್ಲಿ 1864ರಲ್ಲಿ ಹುಟ್ಟಿದಳು. ತಂದೆ ಗಿರಣಿ ಇದ್ದ ಅನುಕೂಲಸ್ಥ. ಆತ 1870ರಲ್ಲಿ ತೀರಿಕೊಂಡಾಗ ಉಯಿಲು ಬರೆದಿರಲಿಲ್ಲ. ಮೊದಲ ಹೆಂಡತಿಯ ಮಕ್ಕಳೂ ಸೇರಿ ಆಸ್ತಿ ಹಂಚಿಹೋಯಿತು, ಎಲಿಜಬೆತ್‌ಳ ತಾಯಿಯ ಕೈಯಲ್ಲಿ ಉಳಿದದ್ದು ಅಷ್ಟಕ್ಕಷ್ಟೆ. ಆಸರೆಗೆಂದು ಆಕೆ 1873ರಲ್ಲಿ ಮರುಮದುವೆಯಾದಳು. ಆತ ಕುಡುಕ. ಬೈಯುತ್ತಿದ್ದ, ಸಾಮಾನು ಒಡೆಯುತ್ತಿದ್ದ, ಕೊಲ್ಲುತ್ತೇನೆಂದು ಬಂದೂಕು ತೋರಿಸುತ್ತಿದ್ದ. ಕೊನೆಗೆ ಆ ತಾಯಿ ವಿಚ್ಛೇದನ ಕೇಳಿ ಕೋರ್ಟಿಗೆ ಹೋದಳು. ಆ ಕಾಲದ ಆ ಊರಿನಲ್ಲಿ ಹೆಂಗಸೊಬ್ಬಳು ಹಾಗೆ ಹೋಗುವುದು ಎಷ್ಟು ಅಪರೂಪ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. 1879ರಲ್ಲಿ ವಿಚ್ಛೇದನ ಸಿಕ್ಕಿತು. ತಾಯಿಯ ಪರವಾಗಿ ಸಾಕ್ಷಿ ಹೇಳಿದವರಲ್ಲಿ ಹದಿನಾಲ್ಕು ವರ್ಷದ ಎಲಿಜಬೆತ್ ಒಬ್ಬಳು. ಮಲತಂದೆ ಕುಡಿದಾಗ ಹೇಗಿರುತ್ತಾನೆ, ಕುಡಿಯದಿದ್ದಾಗಲೂ ಹೇಗಿರುತ್ತಾನೆ ಎಂದು ಕಂಡದ್ದನ್ನು ಕಂಡಂತೆ ಹೇಳಿದಳು.

ನಮ್ಮ ಗುಂಪಿನಲ್ಲಿ ಒಬ್ಬರು ಟೀಚರ್ ಇದ್ದಾರೆ. "ಇದು ಐದನೇ ಕ್ಲಾಸಿನ ಮಕ್ಕಳು ಓದೋ ಪುಸ್ತಕ ಕಣೇ. ಗಂಡ ಹೆಂಡತಿಗೆ ಹೊಡೆಯೋ ಚಿತ್ರ ಬಿಡಿಸಿ ಕೊಡೋಣವಾ?" ಎಂದು ಕೇಳಿದರು. ಪ್ರಶ್ನೆ ಸರಿಯಾದದ್ದೇ. ನಾನು ಹೇಳಿದೆ, ಆ ಚಿತ್ರ ನಾವು ಬಿಡಿಸಿಕೊಡಬೇಕಾಗಿಲ್ಲ. ಎಷ್ಟೋ ಮಕ್ಕಳು ಹೊದಿಕೆಯ ಸಂದಿಯಿಂದ ಅದನ್ನು ನೋಡಿಯೇ ಇರುತ್ತಾರೆ. ಅವರು ನೋಡದೇ ಇರುವುದು ಕೋರ್ಟಿನ ಚಿತ್ರ, ಒಬ್ಬ ಹುಡುಗಿ ಎದ್ದು ನಿಂತು ಹೇಳುವುದು, ದೊಡ್ಡವರು ಅದನ್ನು ಕೇಳಿ ಬರೆದುಕೊಳ್ಳುವುದು. ನಮ್ಮಲ್ಲಿ ಮಗುವಿಗೆ ಮೊದಲು ಕಲಿಸುವ ಪಾಠವೇ "ಮನೆ ವಿಷಯ ಹೊರಗೆ ಹೇಳಬೇಡ" ಎಂಬುದು. ಸೊಸೆ ಸುಟ್ಟುಕೊಂಡು ಆಸ್ಪತ್ರೆಯಲ್ಲಿ ಮಲಗಿರುವಾಗಲೂ ಹೊರಗೆ ಕಾರಿಡಾರಿನಲ್ಲಿ ಅಜ್ಜಿ ಮೊಮ್ಮಗಳಿಗೆ ಅದನ್ನೇ ಹೇಳಿಕೊಡುತ್ತಿದ್ದುದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಆ ಪುಟ ತೆಗೆದರೆ ಮುಂದಿನ ಕಥೆಯೂ ಅರ್ಥವಾಗುವುದಿಲ್ಲ. 1885ರಲ್ಲಿ ಪಿಟ್ಸ್‌ಬರ್ಗಿನ ಪತ್ರಿಕೆಯೊಂದರಲ್ಲಿ ಹೆಣ್ಣಿನ ಜಾಗ ಮನೆಯೇ ಎಂದು ಅಂಕಣಕಾರನೊಬ್ಬ ಬರೆದ. ಅವಳು ಸಿಟ್ಟಿಗೆದ್ದು ಹೆಸರಿಲ್ಲದೆ ಒಂದು ಪತ್ರ ಹಾಕಿದಳು. ಸಂಪಾದಕ ಅವಳನ್ನು ಹುಡುಕಿ ಕರೆಸಿ ಬರೆಯಲು ಹೇಳಿದ. ಅವಳು ಬರೆದ ಎರಡನೇ ಲೇಖನ ಯಾವುದರ ಬಗ್ಗೆ ಗೊತ್ತೇ? ವಿಚ್ಛೇದನದ ಬಗ್ಗೆ. ಇಪ್ಪತ್ತರ ಹುಡುಗಿಗೆ ಅದನ್ನು ಪುಸ್ತಕ ಓದಿ ಕಲಿಯಬೇಕಾದ ಅಗತ್ಯವಿರಲಿಲ್ಲ.

1887ರಲ್ಲಿ ನ್ಯೂಯಾರ್ಕಿನ 'ವರ್ಲ್ಡ್' ಪತ್ರಿಕೆಗಾಗಿ ಹುಚ್ಚಿಯಂತೆ ನಟಿಸಿ ಬ್ಲ್ಯಾಕ್‌ವೆಲ್ ದ್ವೀಪದ ಹೆಂಗಸರ ಹುಚ್ಚಾಸ್ಪತ್ರೆ ಸೇರಿದಳು. ಹತ್ತು ದಿನ ಅಲ್ಲಿದ್ದಳು. ಮೈಮೇಲೆ ಸುರಿಯುವ ತಣ್ಣೀರು, ತಿನ್ನಲಾಗದ ಬ್ರೆಡ್ಡು, ಬೆಳಗಿನಿಂದ ರಾತ್ರಿವರೆಗೆ ಬೆಂಚಿನ ಮೇಲೆ ಮಾತಿಲ್ಲದೆ ಕೂರುವ ಶಿಕ್ಷೆ. ಇಂಗ್ಲಿಷ್ ಬಾರದ ಜರ್ಮನ್ ಹೆಂಗಸೊಬ್ಬಳು ಅಲ್ಲಿದ್ದಳು; ಅವಳ ಮಾತು ಯಾರಿಗೂ ತಿಳಿಯಲಿಲ್ಲ, ತಿಳಿಸಿ ಹೇಳುವವರನ್ನು ಯಾರೂ ಕರೆಸಲಿಲ್ಲ. ಇನ್ನೊಬ್ಬಳಿಗೆ ಬೇರೆ ಗಂಡಸರ ಮೇಲೆ ಮನಸ್ಸಿದೆ ಎಂದು ಗಂಡನೇ ತಂದು ಬಿಟ್ಟಿದ್ದ. ಹೆಂಡತಿಗೆ ತಲೆ ಸರಿಯಿಲ್ಲ ಎಂಬ ಮಾತು ಇಲ್ಲಿ ಕೂತಿರುವ ಯಾರಿಗೆ ಹೊಸದು?

ಪತ್ರಿಕೆಯ ವಕೀಲರು ಬಂದು ನೆಲ್ಲಿಯನ್ನು ಬಿಡಿಸಿಕೊಂಡು ಹೋದರು. ಉಳಿದವರು ಅಲ್ಲೇ ಉಳಿದರು. ಆಮೇಲೆ ಗ್ರ್ಯಾಂಡ್ ಜ್ಯೂರಿಯವರ ಜೊತೆ ಅವಳು ಮತ್ತೆ ಹೋದಾಗ ಸುದ್ದಿ ಮೊದಲೇ ಮುಟ್ಟಿತ್ತು, ಅಡಿಗೆಮನೆ ತೊಳೆದು ಇಟ್ಟಿದ್ದರು, ಅವಳು ಹೆಸರಿಸಿದ ಹಲವು ಹೆಂಗಸರು ಅಲ್ಲಿರಲಿಲ್ಲ. ಆದರೂ ಜ್ಯೂರಿಯವರು ಅವಳ ಮಾತು ನಂಬಿದರು, ಅನುದಾನ ಹೆಚ್ಚಿತು. ಅದನ್ನು ಹೆಚ್ಚಿಸುವ ಯೋಚನೆ ಮೊದಲೇ ಇತ್ತು, ಎಲ್ಲವೂ ಇವಳೊಬ್ಬಳಿಂದಲೇ ಆಯಿತೆಂದು ಮಕ್ಕಳಿಗೆ ಸುಳ್ಳು ಹೇಳುವುದು ಬೇಡ.

ಕಳೆದ ತಿಂಗಳು ಕರಡನ್ನು ಒಂದಷ್ಟು ಹುಡುಗಿಯರಿಗೆ ಓದಿ ಹೇಳಿದೆವು. ಕೋತಿಗೆ ಎಲ್ಲರೂ ನಕ್ಕರು. ಕೋರ್ಟಿನ ಪುಟಕ್ಕೆ ಸದ್ದೇ ಇರಲಿಲ್ಲ. ಕೊನೆಗೆ ಹಿಂದೆ ಕೂತಿದ್ದ ಒಬ್ಬಳು, "ಅವತ್ತು ರಾತ್ರಿ ಅವಳು ಎಲ್ಲಿ ಮಲಗಿದಳು ಆಂಟಿ?" ಎಂದು ಕೇಳಿದಳು. ಟೀಚರ್ ನನ್ನ ಮುಖ ನೋಡಿದರು. ಅವತ್ತಿನ ರಾತ್ರಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಮುಂದೆ ತಾಯಿ ಮಕ್ಕಳನ್ನು ಕರೆದುಕೊಂಡು ಪಿಟ್ಸ್‌ಬರ್ಗಿನ ಪಕ್ಕದ ಪಟ್ಟಣ ಸೇರಿ, ಮನೆಯಲ್ಲಿ ಬಾಡಿಗೆಗೆ ಜನರನ್ನು ಇಟ್ಟುಕೊಂಡು ಬದುಕಿದಳು ಎಂದಷ್ಟೇ ಹೇಳಿದೆ. ಅದು ಕರಡಿನಲ್ಲಿ ಇರಲಿಲ್ಲ, ಈಗ ಸೇರಿಸಿದ್ದೇವೆ.

ಚಿತ್ರ ಬರೆಯುವ ಗೆಳತಿ ಆ ಪುಟಕ್ಕೆ ಎರಡು ಚಿತ್ರ ಕೊಟ್ಟಿದ್ದಾಳೆ. ಒಂದರಲ್ಲಿ ಹುಡುಗಿಯ ಮುಖ ಕಾಣುತ್ತದೆ. ಇನ್ನೊಂದರಲ್ಲಿ ಅವಳ ಬೆನ್ನು, ಎದುರಿಗೆ ಕೂತು ಕೇಳುತ್ತಿರುವ ತಾಯಿಯ ಮುಖ. ಎರಡನ್ನೂ ಆ ಮೇಜಿನ ಮೇಲೆ ಇಟ್ಟಿದ್ದೇನೆ. ಚಹಾ ಕುಡಿಯುತ್ತಾ ನೋಡಿ, ಯಾವುದು ಇರಲಿ ಹೇಳಿ.