ವೀಸಾ ಕೇಳುವ ಕಾಗದ, ನಮ್ಮ ಕೈಲಿಲ್ಲದ ಕಾಗದ

(ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇವತ್ತಿನ ವಿಷಯ ಏನು ಅಂತ ಹೇಳಿದಾಗ ನಿಮ್ಮಲ್ಲಿ ಕೆಲವರು ನಕ್ಕಿರಿ. "ಬಸ್ ಚಾರ್ಜಿಗೇ ಕಾಸಿಲ್ಲದೋರಿಗೆ ಜರ್ಮನಿ ವೀಸಾ ಯಾಕಣ್ಣ?" ಅಂತ ಒಬ್ಬರು ಕೇಳಿಯೂ ಕೇಳಿದರು. ಸರಿ, ಆ ಪ್ರಶ್ನೆಯಿಂದಲೇ ಶುರು ಮಾಡೋಣ. ಇದೇ ತೆಂಗಿನ ಸೀಮೆಯಲ್ಲಿ ತೋಟ ಇರುವವರ ಮನೆಯ ಹುಡುಗ ಜರ್ಮನಿಗೆ ಹೊರಟರೆ ಯಾರೂ ನಗುವುದಿಲ್ಲ. ಊಟ ಹಾಕಿಸಿ, ಹಾರ ಹಾಕಿ ಕಳಿಸುತ್ತಾರೆ. ಅದೇ ತೋಟದಲ್ಲಿ ಕಾಯಿ ಕೆಡವಿದವನ, ಕಾಯಿ ಸುಲಿದವನ ಮಗ ಅದೇ ಮಾತು ಆಡಿದರೆ ನಗು ಬರುತ್ತದೆ. ಆ ನಗುವನ್ನು ನಮಗೆ ಯಾರೋ ಕಲಿಸಿದ್ದಾರೆ. ಅದನ್ನು ಮೊದಲು ಬಿಡಬೇಕು.

ಬಾಬಾ ಸಾಹೇಬರು 1935-36ರ ಸುಮಾರಿಗೆ ತಮ್ಮ ಬದುಕಿನ ಕೆಲವು ಘಟನೆಗಳನ್ನು ಬರೆದಿಟ್ಟರು. ಅದು ಪುಸ್ತಕವಾಗಿ ಬಂದದ್ದು 1990ರಲ್ಲಿ. ಅದರ ಹೆಸರು 'ವೆಯಿಟಿಂಗ್ ಫಾರ್ ಎ ವೀಸಾ', ಅಂದರೆ ವೀಸಾಕ್ಕಾಗಿ ಕಾಯುತ್ತಾ. ತಮಾಷೆ ನೋಡಿ, ಆ ಪುಸ್ತಕದಲ್ಲಿ ಲಂಡನ್ನಿನ ವೀಸಾ ಕಥೆ ಇಲ್ಲ, ಅಮೆರಿಕದ ವೀಸಾ ಕಥೆಯೂ ಇಲ್ಲ. ಚಿಕ್ಕ ಹುಡುಗನಾಗಿದ್ದಾಗ ರೈಲು ಇಳಿದು ಅಪ್ಪನ ಊರಿಗೆ ಹೋಗಲು ಗಾಡಿ ಸಿಗದ ಕಥೆ ಇದೆ. ನ್ಯೂಯಾರ್ಕಿನಲ್ಲೂ ಲಂಡನ್ನಿನಲ್ಲೂ ಓದಿ 1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಬಂದಾಗ ತಂಗಲು ಒಂದು ಕೋಣೆ ಸಿಗದ ಕಥೆ ಇದೆ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿಗಳ ಛತ್ರದಲ್ಲಿ ಇದ್ದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದು ಬಂದವರು ಖಾಲಿ ಮಾಡಿಸಿದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾಗ ಇದ್ದವರಿಗೆ ಸ್ವಂತ ದೇಶದ ಒಂದು ಊರಿನಲ್ಲಿ ಜಾಗ ಇರಲಿಲ್ಲ.

ನಾವು ಹೇಳಬೇಕೆಂದಿರುವ ಮಾತು ಇಲ್ಲೇ ಇದೆ. ಊರಿನ ಬಾವಿಗೆ, ಹೋಟೆಲಿಗೆ, ದೇವಸ್ಥಾನದ ಒಳಕ್ಕೆ ನಮ್ಮ ಹಿರಿಯರಿಗೆ ಬೇಕಾಗಿದ್ದ ವೀಸಾದ ನಿಯಮ ಎಲ್ಲೂ ಬರೆದಿರಲಿಲ್ಲ. ಏನು ತಂದುಕೊಟ್ಟರೂ ಅದು ಸಿಗುತ್ತಿರಲಿಲ್ಲ. ಹೊರದೇಶದ ವೀಸಾ ಹಾಗಲ್ಲ. ಕಷ್ಟದ್ದೇ, ಅನ್ಯಾಯವೂ ಅದರಲ್ಲಿ ಇದೆ. ಆದರೆ ಅದರ ನಿಯಮ ಬರೆದಿದೆ. ಬರೆದ ನಿಯಮವನ್ನು ಓದಬಹುದು, ಪೂರೈಸಬಹುದು, ಪ್ರಶ್ನಿಸಬಹುದು. ಅದಕ್ಕೆ ಕಲಿಯಬೇಕು.

ಜರ್ಮನಿಯನ್ನೇ ಯಾಕೆ ತಗೊಂಡೆವು? ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಮಾತ್ರ ಯೂರೋಪಿನ ಒಕ್ಕೂಟದ ಹೊರಗಿನವರಿಂದ 2017ರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಶುರು ಮಾಡಿದೆ. ಇನ್ನೊಂದು ಕಾರಣ: ಭಾರತದ ನುರಿತ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾವನ್ನು 20 ಸಾವಿರದಿಂದ 90 ಸಾವಿರಕ್ಕೆ ಏರಿಸುತ್ತೇವೆ ಎಂದು 2024ರ ಅಕ್ಟೋಬರ್‌ನಲ್ಲಿ ಆ ದೇಶ ಹೇಳಿತು. ಆ 90 ಸಾವಿರದಲ್ಲಿ ಕೇರಿಯಿಂದ, ಹಟ್ಟಿಯಿಂದ ಎಷ್ಟು ಜನ ಹೋಗುತ್ತಾರೆ? ನಾವು ಸುಮ್ಮನಿದ್ದರೆ ಆ ಜಾಗವನ್ನೂ ಇಲ್ಲಿ ಉಳಿದದ್ದನ್ನೆಲ್ಲ ತುಂಬಿಕೊಂಡವರೇ ತುಂಬುತ್ತಾರೆ.

ಈಗ ಒಂದೊಂದೇ ಕಾಗದ ನೋಡೋಣ.

ಮೊದಲನೆಯದು ಹೆಸರು ಮತ್ತು ಹುಟ್ಟಿದ ತಾರೀಖು. ನಮ್ಮಲ್ಲಿ ಎಷ್ಟೋ ಜನರ ಹುಟ್ಟಿದ ದಿನವನ್ನು ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದರು. ಅಪ್ಪನ ಹೆಸರು ಅಂಕಪಟ್ಟಿಯಲ್ಲಿ ಹನುಮಯ್ಯ, ಆಧಾರಿನಲ್ಲಿ ಹನುಮಂತಯ್ಯ, ಪಡಿತರ ಚೀಟಿಯಲ್ಲಿ ಹನುಮಂತ. ಇಲ್ಲಿ ಇದು ನಡೆದುಹೋಗುತ್ತದೆ, ಅಲ್ಲಿ ನಡೆಯುವುದಿಲ್ಲ. ಮೂರು ಹೆಸರು ಕಂಡರೆ ಅವರಿಗೆ ಮೂರು ಜನ ಕಂಡಂತೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಪಾಸ್‌ಪೋರ್ಟ್ ಬೇಕಾದರೆ ಜನನ ಪತ್ರ ಒಂದೇ ದಾಖಲೆ. ನೀವೆಲ್ಲ ಅದಕ್ಕಿಂತ ಮುಂಚಿನವರು, ಶಾಲೆಯ ದಾಖಲೆ ನಡೆಯುತ್ತದೆ. ಆದರೆ ನಿಮ್ಮ ಅಣ್ಣನ ಮಗು, ಅಕ್ಕನ ಮಗು ಹಾಗಲ್ಲ. ಹುಟ್ಟಿ ವರ್ಷ ದಾಟಿದರೆ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಇವತ್ತು ಊರಿಗೆ ಹೋದವರು ಮೊದಲು ಆ ಮಕ್ಕಳ ಜನನ ಪತ್ರ ಆಗಿದೆಯಾ ಕೇಳಿ.

ಎರಡನೆಯದು ಅಂಕಪಟ್ಟಿಯ ಪರೀಕ್ಷೆ. ದೆಹಲಿಯ ಜರ್ಮನ್ ರಾಯಭಾರ ಕಚೇರಿಗೆ ಸೇರಿದ ಎಪಿಎಸ್ ಎಂಬ ಕೇಂದ್ರ ಇದೆ. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳಿಗೆ ಅದರ ಪ್ರಮಾಣಪತ್ರ ಕಡ್ಡಾಯವಾಯಿತು. ಶುಲ್ಕ 18 ಸಾವಿರ ರೂಪಾಯಿ. ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗಿನ ಅಂಕಪಟ್ಟಿ ಅವರಿಗೆ ಕಳಿಸಬೇಕು. ಫೀಸು ಬಾಕಿ ಅಂತ ಕಾಲೇಜಿನಲ್ಲಿ ಅಂಕಪಟ್ಟಿ ಬಿಟ್ಟು ಬಂದವರು ನಿಮ್ಮಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತುವುದು ಬೇಡ. ನಾಳೆ ಹೋಗಿ ಅದನ್ನು ಬಿಡಿಸಿಕೊಳ್ಳಿ. ಒಬ್ಬರೇ ಹೋದರೆ ಕೊಡದಿದ್ದರೆ ಹತ್ತು ಜನ ಹೋಗೋಣ.

ಮೂರನೆಯದೇ ದೊಡ್ಡ ಬೆಟ್ಟ, ದುಡ್ಡು. ಒಂದು ವರ್ಷ ಅಲ್ಲಿ ಊಟ, ಬಾಡಿಗೆಗೆ ಆಗುವಷ್ಟು ಹಣವನ್ನು ಮೊದಲೇ ಒಂದು ಖಾತೆಯಲ್ಲಿ ಕಟ್ಟಿ ಇಡಬೇಕು. ಅದರಿಂದ ತಿಂಗಳಿಗೆ ಇಷ್ಟು ಅಂತ ಮಾತ್ರ ತೆಗೆಯಬಹುದು. 2024ರ ಸೆಪ್ಟೆಂಬರ್‌ನಲ್ಲಿ ಆ ಮೊತ್ತವನ್ನು ವರ್ಷಕ್ಕೆ 11,904 ಯೂರೋ, ತಿಂಗಳಿಗೆ 992 ಯೂರೋ ಎಂದು ನಿಗದಿ ಮಾಡಿದರು. ಯೂರೋಗೆ 100 ರೂಪಾಯಿ ಹಿಡಿದರೆ ಹನ್ನೊಂದು ಲಕ್ಷ ತೊಂಬತ್ತು ಸಾವಿರ ದಾಟುತ್ತದೆ.

ಇದನ್ನು ನಮ್ಮ ಲೆಕ್ಕದಲ್ಲಿ ಹಾಕೋಣ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100 ರೂಪಾಯಿ ಬೆಂಬಲ ಬೆಲೆ ಕಟ್ಟಿತು. ಆ ಬೆಲೆಯಲ್ಲಿ 98 ಕ್ವಿಂಟಲ್ ಕೊಬ್ಬರಿ ತಿಪಟೂರು ಮಾರುಕಟ್ಟೆಗೆ ಹಾಕಬೇಕು. ತೋಟದವನಿಗೆ ಅದು ಅಟ್ಟದ ಮೇಲಿದೆ. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಿ ತಾನೇ ಕೊಬ್ಬರಿಯಾಗುತ್ತದೆ. ನಮಗೆ? 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಒಂದು ಪೈಸೆ ಖರ್ಚು ಮಾಡದೆ ಕೂಡಿಟ್ಟರೆ 3,217 ದಿನದ ಕೂಲಿ. ವರ್ಷಕ್ಕೆ ನೂರು ದಿನ ಕೆಲಸ ಅಂದರೆ 32 ವರ್ಷ. ಅಪ್ಪ 32 ವರ್ಷ ಉಪವಾಸ ಇದ್ದರೆ ಮಗ ಒಂದು ವರ್ಷ ಓದಬಹುದು! ವೀಸಾ ಅರ್ಜಿಯಲ್ಲಿ ಜಾತಿಯ ಕಾಲಂ ಇಲ್ಲ ನಿಜ. ಆದರೆ ನೂರಾರು ವರ್ಷ ಭೂಮಿ ಕೊಡದೆ ಇಟ್ಟದ್ದರ ಲೆಕ್ಕವೆಲ್ಲ ಈ ಒಂದು ಕಾಲಂನಲ್ಲಿ ಬಂದು ಕೂರುತ್ತದೆ.

ಖಾತೆಗೆ ಬದಲು ಬೇರೆ ದಾರಿ ಇದೆ. ಜರ್ಮನಿಯಲ್ಲಿ ನೆಲೆಸಿದ ಒಬ್ಬರು "ಇವರ ಖರ್ಚು ನನ್ನದು" ಎಂದು ಅಲ್ಲಿನ ಕಚೇರಿಯಲ್ಲಿ ಬರೆದುಕೊಡಬಹುದು. ಮಾವನೋ ಚಿಕ್ಕಪ್ಪನೋ ಅಲ್ಲಿ ಇರುವವರಿಗೆ ಇದು ಸುಲಭ. ನಮ್ಮ ಮಾವ ತುರುವೇಕೆರೆಯಲ್ಲಿದ್ದಾನೆ. ಬ್ಯಾಂಕ್ ಸಾಲ ಅಂದರೆ, ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತಾರೆ. ಇಲ್ಲಿ ಒಂದು ಎಚ್ಚರಿಕೆ. ಮಗನ ವೀಸಾ ಅಂತ ಸರ್ಕಾರ ಮಂಜೂರು ಮಾಡಿದ ಎರಡು ಎಕರೆಯನ್ನು ಪಕ್ಕದ ತೋಟದವನಿಗೆ ಬರೆದುಕೊಡಬೇಡಿ. ಆ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಬಾರದು ಅಂತ 1978ರ ಪಿಟಿಸಿಎಲ್ ಕಾಯ್ದೆ ಇದೆ. ಆ ಕಾಯ್ದೆ ಹೋರಾಟದಿಂದ ಉಳಿದಿದೆ.

ಉಳಿದ ದಾರಿ ವಿದ್ಯಾರ್ಥಿವೇತನ. ಇದು ಭಿಕ್ಷೆ ಅಲ್ಲ, ಹಕ್ಕು. ಪರಿಶಿಷ್ಟ ಜಾತಿಯವರಿಗೆ ಹೊರದೇಶದಲ್ಲಿ ಓದಲು ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1954-55ರಲ್ಲೇ ಶುರುವಾಯಿತು. ಎಂ.ಎ., ಎಂ.ಎಸ್ಸಿ. ತರಹದ ಪದವಿಗೆ ಮತ್ತು ಪಿಎಚ್‌.ಡಿ.ಗೆ ಸಿಗುತ್ತದೆ. ವಯಸ್ಸು 35ರ ಒಳಗೆ, ಹಿಂದಿನ ಪದವಿಯಲ್ಲಿ ನೂರಕ್ಕೆ 60 ಅಂಕ, ಕುಟುಂಬದ ವರಮಾನ ವರ್ಷಕ್ಕೆ 8 ಲಕ್ಷದ ಒಳಗೆ. ಬ್ರಿಟನ್ ಬಿಟ್ಟು ಬೇರೆ ದೇಶಗಳಿಗೆ ವರ್ಷಕ್ಕೆ 15,400 ಡಾಲರ್ ಜೀವನ ಭತ್ಯೆ, ಶುಲ್ಕ, ವಿಮಾನದ ಟಿಕೆಟ್ಟು, ವೀಸಾ ಶುಲ್ಕ ಬೇರೆ. ಈ ಭತ್ಯೆ ಜರ್ಮನಿ ಕೇಳುವ ಮೊತ್ತಕ್ಕಿಂತ ಕಡಿಮೆಯೇನಲ್ಲ. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆಯೂ ಇದೆ. ಈ ಹೆಸರುಗಳು ಎಷ್ಟು ಹಾಸ್ಟೆಲುಗಳ ನೋಟೀಸ್ ಬೋರ್ಡಿನಲ್ಲಿವೆ? ನೀವೇ ಹೋಗಿ ನೋಡಿ.

ಆದರೆ ಕೊಡುವ ಕೈ ಹೇಗೆ ಕೊಡುತ್ತದೆ ಅನ್ನೋದನ್ನೂ ನೋಡಿ. ವರ್ಷಕ್ಕೆ ಇಡೀ ದೇಶಕ್ಕೆ 125 ಜಾಗ, ಅದರಲ್ಲಿ ಪರಿಶಿಷ್ಟ ಜಾತಿಗೆ 115. 2025ರಲ್ಲಿ 106 ಜನರನ್ನು ಆರಿಸಿ, ಮೊದಲು 40 ಜನರಿಗೆ ಮಾತ್ರ ಪತ್ರ ಕೊಟ್ಟು, ಉಳಿದ 66 ಜನರಿಗೆ ಹಣ ಇದ್ದರೆ ಕೊಡುತ್ತೇವೆ ಅಂದರು. ಪತ್ರ ಕೈಗೆ ಬಾರದೆ ವೀಸಾಕ್ಕೆ ಅರ್ಜಿ ಹಾಕಲಾಗದು. ಪತ್ರ ತಡವಾದರೆ ಅಲ್ಲಿ ತರಗತಿ ಶುರುವಾಗಿಬಿಡುತ್ತದೆ. ಇನ್ನೊಂದು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಾಮಾಜಿಕ ಅಧ್ಯಯನದ ವಿಷಯಗಳಿಗೆ ಈ ವೇತನ ಇಲ್ಲ ಎಂದು 2022ರ ಮಾರ್ಗಸೂಚಿಯಲ್ಲಿ ಬರೆದರು. 1916ರಲ್ಲಿ ಕೊಲಂಬಿಯಾದಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಮಂಡಿಸಿದ ವಿದ್ಯಾರ್ಥಿ ಆ ವಿಷಯ ಹಿಡಿದು ಅರ್ಜಿ ಹಾಕಿದ್ದರೆ ಈ ನಿಯಮದ ಪ್ರಕಾರ ತಿರಸ್ಕಾರ ಆಗುತ್ತಿತ್ತು! ಜಾತಿ ಬಗ್ಗೆ ನಾವು ಹೊರಗೆ ಹೋಗಿ ಓದಬಾರದು ಅಂದರೆ ಯಾರಿಗೆ ಭಯ?

ಹಣ ನಿಂತರೆ ಏನಾಗುತ್ತದೆ ಅನ್ನೋದು ಅಂಬೇಡ್ಕರರಿಗೂ ಗೊತ್ತಿತ್ತು. ಬರೋಡಾದ ವೇತನ ಮುಗಿದು 1917ರಲ್ಲಿ ಲಂಡನ್ನಿನ ಓದು ಅರ್ಧಕ್ಕೆ ಬಿಟ್ಟು ಬಂದರು. ಮುಂಬೈಯಲ್ಲಿ ಪಾಠ ಹೇಳಿ ಕೂಡಿಟ್ಟ ಹಣ, ಶಾಹೂ ಮಹಾರಾಜರ ನೆರವು, ಗೆಳೆಯರ ಸಾಲ ಸೇರಿಸಿಕೊಂಡು 1920ರಲ್ಲಿ ಮತ್ತೆ ಹೋಗಿ ಮುಗಿಸಿದರು. ಜರ್ಮನಿಯ ಬಾನ್ ವಿಶ್ವವಿದ್ಯಾಲಯಕ್ಕೆ ಪ್ರವೇಶ ಕೋರಿ 1921ರಲ್ಲಿ ಜರ್ಮನ್ ಭಾಷೆಯಲ್ಲೇ ಅರ್ಜಿ ಬರೆದರು, 1922ರಲ್ಲಿ ಅಲ್ಲಿ ಹೆಸರು ನೋಂದಾಯಿಸಿದರು. ನೂರು ವರ್ಷದ ಹಿಂದೆ ನಮ್ಮವರೊಬ್ಬರು ಆ ಭಾಷೆ ಕಲಿತು ಅರ್ಜಿ ಬರೆದಿದ್ದಾರೆ. ನಮಗೇನು ಅಡ್ಡಿ?

ಡಿಗ್ರಿ ಆಗದವರಿಗೂ ದಾರಿ ಇದೆ. ಅಲ್ಲಿ ವೃತ್ತಿ ತರಬೇತಿಗೆ ಸೇರಿದರೆ ಕಲಿಯುವ ಕಾಲದಲ್ಲೇ ಸಂಬಳ ಇದೆ. ದಾದಿ ಕೆಲಸ, ಎಲೆಕ್ಟ್ರಿಕಲ್, ಮೆಕ್ಯಾನಿಕ್, ಹೀಗೆ. ಅದಕ್ಕೆ ಜರ್ಮನ್ ಭಾಷೆ ಸಾಮಾನ್ಯವಾಗಿ ಬಿ1 ಎಂಬ ಮಟ್ಟಕ್ಕೆ ಬರಬೇಕು.

ಅರ್ಜಿ ಬಗ್ಗೆ ಎರಡು ಮಾತು. ಮೂರು ತಿಂಗಳ ಪ್ರವಾಸದ ವೀಸಾ ಬೇರೆ, ಓದಲು ಹೋಗುವ ರಾಷ್ಟ್ರೀಯ ವೀಸಾ ಬೇರೆ. "ಟೂರಿಸ್ಟ್ ಆಗಿ ಹೋಗಪ್ಪ, ಅಲ್ಲೇ ಬದಲಾಯಿಸಿಕೊಳ್ಳಬಹುದು" ಅನ್ನೋ ಏಜೆಂಟನ ಮಾತು ನಂಬಬೇಡಿ. ಲಕ್ಷಗಟ್ಟಲೆ ಕೊಟ್ಟು ಕೈ ಸುಟ್ಟುಕೊಳ್ಳುತ್ತೀರಿ. ಅರ್ಜಿಗೆ ಶುಲ್ಕ 75 ಯೂರೋ ಅಷ್ಟೆ. ಮೊದಲೆಲ್ಲ ವೀಸಾ ತಿರಸ್ಕಾರವಾದರೆ ಮರುಪರಿಶೀಲನೆಗೆ ಖರ್ಚಿಲ್ಲದೆ ಬರೆಯಬಹುದಿತ್ತು. 2025ರ ಜುಲೈ 1ರಿಂದ ಅದನ್ನು ತೆಗೆದುಹಾಕಿದರು. ಈಗ ಮತ್ತೆ ಹೊಸ ಅರ್ಜಿ ಹಾಕಬೇಕು, ಇಲ್ಲವೆ ಬರ್ಲಿನ್ನಿನ ನ್ಯಾಯಾಲಯಕ್ಕೆ ಹೋಗಬೇಕು. ಆದ್ದರಿಂದ ಮೊದಲ ಸಲವೇ ತಪ್ಪಿಲ್ಲದ ಅರ್ಜಿ ಹಾಕಿ. ಮೊತ್ತಗಳು ಆಗಾಗ ಬದಲಾಗುತ್ತವೆ. ಹಾಕುವ ದಿನ ಬೆಂಗಳೂರಿನ ಜರ್ಮನ್ ಕಾನ್ಸುಲೇಟಿನ ಪಟ್ಟಿಯನ್ನೇ ನೋಡಿ.

ಹೋದ ಮೇಲೂ ಕಾಗದ ಮುಗಿಯೋದಿಲ್ಲ. ಮನೆ ಸೇರಿದ ಎರಡು ವಾರದೊಳಗೆ ಆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಮನೆ ಮಾಲೀಕರ ಸಹಿಯ ಪತ್ರ ಬೇಕು. ಆರೋಗ್ಯ ವಿಮೆ ಕಡ್ಡಾಯ. ವೀಸಾ ಅವಧಿ ತೀರುವ ಮೊದಲು ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿ ಮಾಡಿಸಬೇಕು. ಓದುವವರು ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಬಹುದು ಎಂದು 2024ರ ಮಾರ್ಚ್‌ನಲ್ಲಿ ಮಿತಿ ಏರಿಸಿದರು. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಇರಬಹುದು.

ಅಲ್ಲಿ ಜಾತಿ ಇಲ್ಲ ಅಂತ ಕನಸು ಕಾಣಬೇಡಿ. ಬಿಳಿಯನಿಗೆ ನಿಮ್ಮ ಜಾತಿ ಗೊತ್ತಿಲ್ಲ. ಆದರೆ ಇಲ್ಲಿಂದ ಹೋದವನು ಊರು ಯಾವುದು, ಕುಲದೇವರು ಯಾವುದು, ಅಪ್ಪನ ಹೆಸರೇನು ಅಂತ ಕೇಳಿ ತಿಳಿದುಕೊಳ್ಳುತ್ತಾನೆ. ಅವನು ಪಾಸ್‌ಪೋರ್ಟಿನ ಜೊತೆ ಅದನ್ನೂ ಹೊತ್ತೊಯ್ದಿದ್ದಾನೆ. ಜರ್ಮನಿಯ 2006ರ ಸಮಾನತೆಯ ಕಾನೂನಿನ ಪಟ್ಟಿಯಲ್ಲಿ ಜನಾಂಗ, ಧರ್ಮ, ಲಿಂಗ ಎಲ್ಲ ಇವೆ, ಜಾತಿ ಎಂಬ ಪದ ಇಲ್ಲ. ಅಮೆರಿಕದ ಸಿಯಾಟಲ್ ನಗರ 2023ರಲ್ಲಿ ಆ ಪದವನ್ನು ತನ್ನ ಕಾನೂನಿಗೆ ಸೇರಿಸಿತು. ಸೇರಿಸಬೇಕಾಯಿತು ಅಂದರೇ ಜಾತಿ ಅಲ್ಲಿಗೂ ಹೋಗಿದೆ ಅಂತ ಅರ್ಥ.

ಇನ್ನು ನಾವು ಏನು ಮಾಡಬೇಕು? ಪ್ರತಿ ಹಾಸ್ಟೆಲಿನಲ್ಲಿ ಐದು ಜನರ ಗುಂಪು ಮಾಡಿಕೊಳ್ಳಿ. ಎಲ್ಲರ ಅಂಕಪಟ್ಟಿ, ಆಧಾರ್, ಜಾತಿ ಪತ್ರ ಪಕ್ಕಪಕ್ಕ ಇಟ್ಟು ಹೆಸರಿನ ತಪ್ಪು ಪಟ್ಟಿ ಮಾಡಿ. ತಿದ್ದುಪಡಿಗೆ ಓದು ಮುಗಿಯುವವರೆಗೆ ಕಾಯಬೇಡಿ. ಅರ್ಜಿಯ ಕೊನೆಯ ತಾರೀಖುಗಳನ್ನು ನೋಟೀಸ್ ಬೋರ್ಡಿಗೆ ಹಾಕಿಸಿ. ವೇತನದ ಪತ್ರ ವೀಸಾಕ್ಕೆ ಸಾಕಾಗುವಷ್ಟು ಮುಂಚೆ ಸಿಗಬೇಕು, ಜಾಗ ಹೆಚ್ಚಬೇಕು, ವಿಷಯದ ನಿಷೇಧ ಹೋಗಬೇಕು. ಈ ಮೂರು ಬೇಡಿಕೆ ಹಿಡಿದು ಮೂರೂ ತಾಲ್ಲೂಕಿನಿಂದ ಸಹಿ ಸಂಗ್ರಹಿಸೋಣ.

ಎಲ್ಲರೂ ಹೋಗಬೇಕು ಅಂತ ನಾವು ಹೇಳುತ್ತಿಲ್ಲ. ಇಲ್ಲೇ ಇದ್ದು ಭೂಮಿಗಾಗಿ, ನೀರಿಗಾಗಿ ಹೋರಾಡುವವರೂ ಬೇಕು. ಆದರೆ ಹೋಗಬೇಕು ಅನ್ನುವ ಒಬ್ಬ ಹುಡುಗಿ, ಒಬ್ಬ ಹುಡುಗ ಕಾಗದ ಇಲ್ಲ ಅಂತ ಹಿಂದೆ ಉಳಿಯಬಾರದು. ಹೋದವರು ಹಿಂದೆ ಬರುವವರಿಗೆ ದಾರಿ ಬರೆದು ಕಳಿಸಬೇಕು. ತೋಟದವರ ಮಕ್ಕಳಿಗೆ ಅಲ್ಲಿ ಚಿಕ್ಕಪ್ಪ ಇದ್ದಾನೆ. ನಮ್ಮ ಮಕ್ಕಳಿಗೆ ಅಲ್ಲಿ ಇರಬೇಕಾದವರು ನೀವೇ.

ಜೈ ಭೀಮ್.